ಪಿಕ್ ಎಡವುವುದು ತಂತಿ ದಾಟುವಾಗ

1962ರಲ್ಲಿ ಡಿಕ್ ಡೇಲ್ ನುಡಿಸಿದ ‘ಮಿಸಿರ್ಲೂ’ ಒಮ್ಮೆ ಕೇಳಿದರೆ ಅದರ ಮೊದಲ ಕೆಲವು ಸೆಕೆಂಡು ಕಿವಿಯಿಂದ ಹೋಗುವುದಿಲ್ಲ. 1994ರ ‘ಪಲ್ಪ್ ಫಿಕ್ಷನ್’ ಸಿನಿಮಾದಲ್ಲಿ ಹೆಸರುಗಳು ಮೂಡುವಾಗ ಕೇಳುವುದೂ ಅದೇ. ಪಿಕ್ ಕೆಳಗೆ, ಮೇಲೆ, ಕೆಳಗೆ, ಮೇಲೆ ಎಂದು ಬಿಡುವಿಲ್ಲದೆ ಓಡುತ್ತದೆ. ಫ್ರೆಟ್ ಒತ್ತುವ ಕೈ ಒಂದೇ ದಪ್ಪ ತಂತಿಯ ಉದ್ದಕ್ಕೂ ಜಾರುತ್ತದೆ. ಹೊಸದಾಗಿ ಲೀಡ್ ಕಲಿಯುವವರು ಇದನ್ನು ಕೇಳಿ ಗಾಬರಿಯಾಗುತ್ತಾರೆ. ಗಾಬರಿ ಬೇಕಿಲ್ಲ. ಗಿಟಾರ್ ಹಿಡಿದು ಒಂದಷ್ಟು ತಿಂಗಳಾದ ಯಾರಾದರೂ ಸರಿ, ಒಂದೇ ತಂತಿಯ ಮೇಲೆ ಪಿಕ್ಕನ್ನು ಸಾಕಷ್ಟು ಜೋರಾಗಿ ಓಡಿಸಬಲ್ಲರು. ಅದೇ ಕೈಗೆ ಆರು ತಂತಿಗಳ ಮೇಲೆ ಹರಡಿದ ಒಂದು ಸ್ಕೇಲ್ ಕೊಟ್ಟು ನೋಡಿ, ಅರ್ಧ ವೇಗದಲ್ಲೇ ಮುಗ್ಗರಿಸುತ್ತದೆ.

ಕೈಯ ವೇಗವೇನೂ ಕಡಿಮೆಯಾಗಿಲ್ಲ. ಒಂದು ತಂತಿಯಿಂದ ಪಕ್ಕದ ತಂತಿಗೆ ಹೋಗುವ ಆ ಕ್ಷಣದಲ್ಲಿ ಪಿಕ್ ತಪ್ಪು ಜಾಗದಲ್ಲಿದೆ, ಅಷ್ಟೆ. ಆಲ್ಟರ್ನೇಟ್ ಪಿಕಿಂಗ್ ಎನ್ನುವುದರ ಅಭ್ಯಾಸವೆಲ್ಲ ಈ ದಾಟುವಿಕೆಯ ಅಭ್ಯಾಸವೇ. ಇದು ಗೊತ್ತಿಲ್ಲದೆ ಮೆಟ್ರೊನೋಮಿನ ಅಂಕಿಯನ್ನಷ್ಟೇ ಏರಿಸುತ್ತಾ ಕೂತವರು ವರ್ಷಗಟ್ಟಲೆ ಅಲ್ಲೇ ಇರುತ್ತಾರೆ.

ಮೊದಲು ಬುಡದ ಮಾತು. ಪಿಕ್ ನೆಲದ ಕಡೆ ಹೋದರೆ ಡೌನ್, ಮುಖದ ಕಡೆ ಬಂದರೆ ಅಪ್. ಸ್ವರ ಯಾವುದೇ ಇರಲಿ, ತಂತಿ ಯಾವುದೇ ಇರಲಿ, ಡೌನ್ ಆದಮೇಲೆ ಅಪ್, ಅಪ್ ಆದಮೇಲೆ ಡೌನ್. ನಿಯಮ ಇಷ್ಟೇ. ಇದು ಗಿಟಾರಿಗೇ ಮೀಸಲಾದದ್ದೂ ಅಲ್ಲ. ಸರೋದ್ ನುಡಿಸುವವರು ತೆಂಗಿನ ಚಿಪ್ಪಿನಲ್ಲಿ ಮಾಡಿದ ಜವಾ ಹಿಡಿದು ‘ದಾ-ರಾ, ದಾ-ರಾ’ ಎಂದು ಸಾಧನೆ ಮಾಡುವುದೂ ಇದೇ ಕೆಳಪೆಟ್ಟು ಮೇಲ್ಪೆಟ್ಟುಗಳನ್ನು. ಮೈಸೂರಿನ ರಾಜೀವ ತಾರಾನಾಥರ ಝಾಲಾ ಕೇಳಿದವರಿಗೆ ಎರಡೂ ಪೆಟ್ಟು ಒಂದೇ ತೂಕದಲ್ಲಿ ಬರುವುದು ಎಂದರೇನು ಎಂದು ಬೇರೆ ವಿವರಿಸಬೇಕಿಲ್ಲ. ಗಿಟಾರಿನಲ್ಲಿ ಹೊಸಬರ ಅಪ್‌ಸ್ಟ್ರೋಕ್ ಯಾವಾಗಲೂ ಸೊರಗಿರುತ್ತದೆ. ಕಣ್ಣು ಮುಚ್ಚಿ ಕೇಳಿದರೆ ಒಂದು ಬಿಟ್ಟು ಒಂದು ಸ್ವರ ತೆಳ್ಳಗಾಗಿರುವುದು ತಿಳಿಯುತ್ತದೆ.

ಪಿಕ್ ತುಸು ಗಟ್ಟಿಯದಿರಲಿ. ಕಾರ್ಡ್ ಬಾರಿಸಲು ಚೆನ್ನಾಗಿರುವ 0.60 ಮಿಲಿಮೀಟರಿನ ತೆಳು ಪಿಕ್ ಲೀಡಿಗೆ ಬಂದಾಗ ಬಾಗಿ, ತಡವಾಗಿ ವಾಪಸ್ಸಾಗುತ್ತದೆ. ಒಂದು ಮಿಲಿಮೀಟರ್ ಅಥವಾ ಅದಕ್ಕಿಂತ ದಪ್ಪ ಇದ್ದರೆ ಒಳ್ಳೆಯದು. ಲೀಡ್ ವಾದಕರು ಬಹಳ ಕಾಲದಿಂದ ನೆಚ್ಚಿಕೊಂಡಿರುವ ಡನ್‌ಲಪ್ ಜಾಝ್ ತ್ರೀ 1.38 ಮಿಲಿಮೀಟರಿನದು, ಆಕಾರದಲ್ಲೂ ಚಿಕ್ಕದು. ಬೀಗದ ಕೀಲಿ ತಿರುಗಿಸುವಾಗ ಹಿಡಿಯುತ್ತೇವಲ್ಲ, ಹಾಗೆ ತೋರುಬೆರಳಿನ ಪಕ್ಕಕ್ಕೂ ಹೆಬ್ಬೆರಳಿಗೂ ನಡುವೆ ಹಿಡಿಯಿರಿ. ಹೊರಗೆ ಕಾಣುವ ತುದಿ ಕಡಿಮೆಯಿದ್ದಷ್ಟೂ ತಂತಿಗೆ ಸಿಕ್ಕಿಕೊಳ್ಳುವುದು ಕಡಿಮೆ. ಪಿಕ್ ತಂತಿಗೆ ಪೂರ್ತಿ ಚಪ್ಪಟೆಯಾಗಿ ಬಡಿಯದೆ ಸ್ವಲ್ಪ ಓರೆಯಾಗಿ, ಅಂಚಿನಿಂದ ಸೀಳಿಕೊಂಡು ಹೋಗಲಿ. ಅಂಗೈಯ ಬದಿಯನ್ನು ಬ್ರಿಜ್ ಮೇಲೆ ಊರಬೇಕೋ, ಕಿರುಬೆರಳನ್ನು ಮೈಮೇಲೆ ತಾಗಿಸಬೇಕೋ ಎಂಬ ಜಗಳಕ್ಕೆ ಕೊನೆಯಿಲ್ಲ. ಎರಡೂ ಬಗೆಯ ಮಹಾವಾದಕರಿದ್ದಾರೆ, ಮುಂದೆ ಹೋಗೋಣ.

ಈಗ ದಾಟುವ ವಿಚಾರ. ಗಿಟಾರ್ ತೊಡೆಯ ಮೇಲಿದ್ದಾಗ ದಪ್ಪನೆಯ ಆರನೇ ತಂತಿ ನಿಮ್ಮ ಮುಖಕ್ಕೆ ಹತ್ತಿರ, ಸಣ್ಣನೆಯ ಒಂದನೇ ತಂತಿ ನೆಲಕ್ಕೆ ಹತ್ತಿರ. ಮೂರನೇ ತಂತಿಗೆ ಡೌನ್ ಹೊಡೆಯಿರಿ, ಆಮೇಲೆ ಎರಡನೇ ತಂತಿಗೆ ಅಪ್. ಡೌನ್ ಹೊಡೆದ ಮೇಲೆ ಪಿಕ್ ನಿಂತಿರುವುದು ಎರಡೂ ತಂತಿಗಳ ನಡುವಿನ ಸಂದಿಯಲ್ಲಿ. ಆದರೆ ಎರಡನೇ ತಂತಿಗೆ ಅಪ್ ಹೊಡೆಯಬೇಕಾದರೆ ಪಿಕ್ ಅದರ ಆಚೆ ಬದಿಗೆ ಹೋಗಿರಬೇಕು. ಅಂದರೆ ಮುಟ್ಟದೆ ಅದನ್ನು ಹಾರಿ ಹೋಗಬೇಕು. ಪಿಕ್ ಎರಡೂ ತಂತಿಗಳ ಹೊರಮೈಯನ್ನು ಸುತ್ತಿ ಬರುವುದರಿಂದ ಇದಕ್ಕೆ ಔಟ್‌ಸೈಡ್ ಪಿಕಿಂಗ್ ಎನ್ನುತ್ತಾರೆ. ಈಗ ತಿರುಗಿಸಿ: ಮೂರನೇ ತಂತಿಗೆ ಅಪ್, ಎರಡನೇ ತಂತಿಗೆ ಡೌನ್. ಅಪ್ ಆದಮೇಲೆ ಪಿಕ್ ಮೂರನೇ ತಂತಿಯಿಂದ ಮುಖದ ಕಡೆಗಿದೆ. ಎರಡನೆಯದಕ್ಕೆ ಡೌನ್ ಹೊಡೆಯಲು ಮತ್ತೆ ಸಂದಿಗೆ ಬರಬೇಕು. ಇದು ಇನ್‌ಸೈಡ್. ಎರಡೂ ತಂತಿಗಳ ಒಳಮೈಗೇ ಪೆಟ್ಟು ಬೀಳುತ್ತದೆ, ಆದ್ದರಿಂದ ಜಾಗ ಇಕ್ಕಟ್ಟು. ಹೆಚ್ಚಿನವರಿಗೆ ಔಟ್‌ಸೈಡ್ ಬೇಗ ಒಗ್ಗುತ್ತದೆ, ಇನ್‌ಸೈಡ್ ಕಾಡುತ್ತದೆ.

ಇದನ್ನು ಖಾಲಿ ತಂತಿಗಳ ಮೇಲೇ ಅಭ್ಯಾಸ ಮಾಡಬಹುದು, ಎಡಗೈ ಬೇಡವೇ ಬೇಡ. ಎಡಗೈಯನ್ನು ತಂತಿಗಳ ಮೇಲೆ ಸುಮ್ಮನೆ ಮಲಗಿಸಿ ದನಿ ಅಡಗಿಸಿ, ಮೂರನೇ ತಂತಿ ಎರಡನೇ ತಂತಿ ಎಂದು ಬರೀ ಟಕ್ ಟಕ್ ಸದ್ದು ಮಾಡಿ. ಮೊದಲು ಡೌನ್‌ನಿಂದ ಶುರು ಮಾಡಿ ಒಂದು ನಿಮಿಷ, ಆಮೇಲೆ ಅಪ್‌ನಿಂದ ಶುರು ಮಾಡಿ ಒಂದು ನಿಮಿಷ. ಯಾವುದು ನಿಮಗೆ ಕಷ್ಟ ಎನ್ನುವುದು ಇಷ್ಟರಲ್ಲೇ ಗೊತ್ತಾಗುತ್ತದೆ. ಬಹುಮಂದಿ ಈ ಹೆಜ್ಜೆಯನ್ನು ಬಿಟ್ಟು ನೇರವಾಗಿ ಸ್ಕೇಲಿಗೆ ಹಾರುತ್ತಾರೆ. ಅಲ್ಲಿ ಎಡವಿದಾಗ ಎಡಗೈ ತಪ್ಪೋ ಬಲಗೈ ತಪ್ಪೋ ಗೊತ್ತಾಗದೆ ಒದ್ದಾಡುತ್ತಾರೆ.

ಇನ್ನು ಸ್ಕೇಲಿಗೆ ಬರೋಣ. ಎಲ್ಲರಿಗೂ ಮೊದಲು ಸಿಗುವುದು ಎ ಮೈನರ್ ಪೆಂಟಟಾನಿಕ್. ಆರನೇ ತಂತಿಯಲ್ಲಿ 5-8, ಐದರಲ್ಲಿ 5-7, ನಾಲ್ಕರಲ್ಲಿ 5-7, ಮೂರರಲ್ಲಿ 5-7, ಎರಡರಲ್ಲಿ 5-8, ಒಂದರಲ್ಲಿ 5-8. ತಂತಿಗೆ ಎರಡೆರಡು ಸ್ವರ. ಡೌನ್‌ನಿಂದ ಆರಂಭಿಸಿದರೆ ಪ್ರತಿ ತಂತಿಯಲ್ಲೂ ಡೌನ್-ಅಪ್, ಡೌನ್-ಅಪ್. ಏರುವಾಗ ಐದು ಸಲ ತಂತಿ ದಾಟುತ್ತೀರಿ, ಐದೂ ಇನ್‌ಸೈಡ್. ಇಳಿಯುವಾಗ ಹೊಸದಾಗಿ ಡೌನ್‌ನಿಂದಲೇ ಶುರು ಮಾಡಿದರೆ ಐದೂ ಔಟ್‌ಸೈಡ್. ಎಷ್ಟೋ ಜನ “ಇಳಿಯುವಾಗ ಸಲೀಸು, ಹತ್ತುವಾಗ ತೊಡಕು” ಎನ್ನುವುದಕ್ಕೆ ಕಾರಣ ಇಲ್ಲಿದೆ. ಒಂದೇ ಬಗೆಯ ದಾಟು ಮತ್ತೆ ಮತ್ತೆ ಬರುವುದರಿಂದ, ಒಂದು ಬಗೆಯನ್ನೇ ಹಿಡಿದು ತಿದ್ದಲು ಪೆಂಟಟಾನಿಕ್‌ನಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ. ಅದೇ ಸ್ಕೇಲನ್ನು ಅಪ್‌ನಿಂದ ಆರಂಭಿಸಿ ನುಡಿಸಿದರೆ ಲೆಕ್ಕವೆಲ್ಲ ಅದಲುಬದಲು.

ತಂತಿಗೆ ಮೂರು ಸ್ವರ ಬಂದಾಗ ಆಟ ಬದಲಾಗುತ್ತದೆ. ಜಿ ಮೇಜರ್ ತೆಗೆದುಕೊಳ್ಳಿ. ಆರನೇ ತಂತಿ 3-5-7, ಐದು 3-5-7, ನಾಲ್ಕು 4-5-7, ಮೂರು 4-5-7, ಎರಡು 5-7-8, ಒಂದು 5-7-8. ಒಟ್ಟು ಹದಿನೆಂಟು ಸ್ವರ. ಮೊದಲ ನಾಲ್ಕು ತಂತಿಗಳಲ್ಲಿ ತೋರು, ನಡು, ಕಿರುಬೆರಳು. ಕೊನೆಯ ಎರಡರಲ್ಲಿ ತೋರು, ಉಂಗುರ, ಕಿರುಬೆರಳು. ಕೇಳಿದರೆ ಕರ್ನಾಟಕ ಸಂಗೀತದವರು ಶಂಕರಾಭರಣದ ಸ್ವರಸ್ಥಾನ ಎನ್ನುತ್ತಾರೆ, ಹಿಂದೂಸ್ತಾನಿಯವರು ಬಿಲಾವಲ್ ಥಾಟ್ ಎನ್ನುತ್ತಾರೆ. ಇಲ್ಲಿ ಆರನೇ ತಂತಿ ಡೌನ್-ಅಪ್-ಡೌನ್, ಐದನೆಯದು ಅಪ್-ಡೌನ್-ಅಪ್, ಮತ್ತೆ ನಾಲ್ಕನೆಯದು ಡೌನ್-ಅಪ್-ಡೌನ್. ಆರರಿಂದ ಐದಕ್ಕೆ ಔಟ್‌ಸೈಡ್, ಐದರಿಂದ ನಾಲ್ಕಕ್ಕೆ ಇನ್‌ಸೈಡ್, ಹೀಗೆ ಒಂದು ಬಿಟ್ಟು ಒಂದು. ಕೈಗೆ ಒಂದು ಬಗೆ ಬಂದು ಇನ್ನೊಂದು ಬರದಿದ್ದರೆ ಸ್ಕೇಲ್ ಕುಂಟುತ್ತದೆ, ಅದೂ ಪ್ರತಿ ಸಲ ಅದೇ ತಂತಿಗಳಲ್ಲಿ.

ತಾಳ ಕೂಡಿಸಿದಾಗ ಇನ್ನೊಂದು ಸೂಕ್ಷ್ಮ ಕಾಣುತ್ತದೆ. ಮೆಟ್ರೊನೋಮಿನ ಒಂದು ಬಡಿತಕ್ಕೆ ಮೂರು ಸ್ವರ ಇಟ್ಟರೆ, ಬಾಯಲ್ಲಿ ‘ತಕಿಟ ತಕಿಟ’ ಹೇಳಿಕೊಂಡರೆ, ಪ್ರತಿ ‘ತ’ ಹೊಸ ತಂತಿಯ ಮೊದಲ ಸ್ವರದ ಮೇಲೆ ಬೀಳುತ್ತದೆ. ಆದರೆ ಒಂದು ‘ತ’ ಡೌನ್, ಮುಂದಿನ ‘ತ’ ಅಪ್. ಅಪ್‌ಸ್ಟ್ರೋಕಿನಲ್ಲಿ ಒತ್ತು ಕೊಡಲು ಬಾರದ ಕೈ ಇಲ್ಲೇ ಸಿಕ್ಕಿಬೀಳುತ್ತದೆ. ಅದೇ ಹದಿನೆಂಟು ಸ್ವರಗಳನ್ನು ‘ತಕಧಿಮಿ’ಗೆ ಕೂಡಿಸಿ. ಒತ್ತು ಈಗ ಯಾವಾಗಲೂ ಡೌನ್ ಮೇಲೆಯೇ, ಆದರೆ ಬೀಳುವ ಜಾಗ ಅಲೆಯುತ್ತದೆ: ಆರನೇ ತಂತಿಯ ಮೊದಲ ಸ್ವರ, ಐದನೆಯದರ ಎರಡನೇ ಸ್ವರ, ನಾಲ್ಕನೆಯದರ ಮೂರನೇ ಸ್ವರ, ಮೂರನೇ ತಂತಿಯನ್ನು ಪೂರ್ತಿ ಬಿಟ್ಟು ಎರಡನೇ ತಂತಿಯ ಮೊದಲ ಸ್ವರ, ಆಮೇಲೆ ಒಂದನೆಯದರ ಎರಡನೇ ಸ್ವರ. ಎಡಗೈ ಮೂರರ ಗುಂಪಿನಲ್ಲಿ ಯೋಚಿಸುತ್ತದೆ, ಬಲಗೈ ನಾಲ್ಕರ ಗುಂಪಿನಲ್ಲಿ. ಎರಡನ್ನೂ ಬಾಯಿ ಹಿಡಿದಿಟ್ಟುಕೊಂಡರೆ ಕೈ ತಾನಾಗಿ ಬರುತ್ತದೆ. ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ ಕೊನ್ನಕ್ಕೋಲಿನ (ಬಾಯಲ್ಲಿ ಜತಿ ಹೇಳುವ ಕಲೆಯ) ಮೇಲೆ ಖಂಜಿರದ ಸೆಲ್ವಗಣೇಶ್ ಜೊತೆ ಕೂತು ‘ದ ಗೇಟ್‌ವೇ ಟು ರಿದಮ್’ ಎಂಬ ಪಾಠದ ಡಿವಿಡಿಯನ್ನೇ ಮಾಡಿದರು. ಪಿಕ್ಕಿನ ವೇಗಕ್ಕೆ ಹೆಸರಾದ ಮನುಷ್ಯ ಬಾಯಿಪಾಠಕ್ಕೆ ಅಷ್ಟು ಬೆಲೆ ಕೊಟ್ಟರೆ ಅದರಲ್ಲಿ ಏನೋ ಇದೆ ಎಂದೇ ಅರ್ಥ. ನಮ್ಮಲ್ಲಿ ಚಿಕ್ಕಂದಿನಲ್ಲಿ ಒಂದೆರಡು ವರ್ಷ ಸಂಗೀತದ ಕ್ಲಾಸಿಗೆ ಹೋಗಿ ಬಿಟ್ಟವರಿಗೆ ಈ ಬಂಡವಾಳ ಸುಮ್ಮನೆ ಬಿದ್ದಿದೆ.

ಆ ಬಂಡವಾಳದಲ್ಲಿ ಇನ್ನೊಂದೂ ಇದೆ. ಸ್ಕೇಲನ್ನು ನೆಟ್ಟಗೆ ಹತ್ತಿ ನೆಟ್ಟಗೆ ಇಳಿಯುವುದರಿಂದ ಬರುವ ಲಾಭ ಬೇಗ ಮುಗಿದುಹೋಗುತ್ತದೆ. ಹದಿನೆಂಟು ಸ್ವರದಲ್ಲಿ ದಾಟುವುದು ಐದೇ ಸಲ. ಅದರ ಬದಲು ‘ಸರಿಗಮ, ರಿಗಮಪ, ಗಮಪದ’ ಎಂದು ನಾಲ್ಕು ನಾಲ್ಕಾಗಿ ಜಾರುವ ವರಸೆಯನ್ನು ಇದೇ ಜಿ ಮೇಜರಿನಲ್ಲಿ ನುಡಿಸಿ. ಮೊದಲ ಹನ್ನೆರಡು ಸ್ವರ ಆರು ಮತ್ತು ಐದನೇ ತಂತಿಗಳಲ್ಲೇ ಇವೆ. ‘ಸರಿಗ’ ಆರರಲ್ಲಿ, ‘ಮ’ ಐದರಲ್ಲಿ. ಮತ್ತೆ ‘ರಿಗ’ಕ್ಕೆ ಆರಕ್ಕೆ ವಾಪಸ್, ‘ಮಪ’ಕ್ಕೆ ಐದು. ಮತ್ತೆ ‘ಗ’ ಆರು, ‘ಮಪದ’ ಐದು. ಹನ್ನೆರಡು ಸ್ವರದೊಳಗೆ ಐದು ದಾಟು! ಪೂರ್ತಿ ಸ್ಕೇಲಿನಲ್ಲಿ ಬರುವಷ್ಟು ದಾಟುಗಳು ಇಲ್ಲಿ ಎರಡೇ ತಂತಿಗಳಲ್ಲಿ ಬಂದವು. ಡೌನ್‌ನಿಂದ ಆರಂಭಿಸಿದರೆ ಆ ಐದರಲ್ಲಿ ನಾಲ್ಕು ಔಟ್‌ಸೈಡ್, ಎರಡನೇ ಗುಂಪಿನ ‘ಗ’ದಿಂದ ‘ಮ’ಕ್ಕೆ ಹೋಗುವ ಒಂದೇ ಒಂದು ಇನ್‌ಸೈಡ್. ಆ ಒಂದರಲ್ಲೇ ಪಿಕ್ ಸಿಕ್ಕಿಕೊಳ್ಳುತ್ತದೆ, ಪರೀಕ್ಷೆ ಮಾಡಿ ನೋಡಿ. ಅಲ್ಲಿ ತೊಡಕಾದರೆ ಇಡೀ ವರಸೆಯನ್ನು ಮತ್ತೆ ಮೊದಲಿಂದ ನುಡಿಸುವುದು ವ್ಯರ್ಥ. ‘ರಿಗಮಪ’ ನಾಲ್ಕನ್ನೇ ಸುತ್ತಿ ಸುತ್ತಿ ನುಡಿಸಬೇಕು.

ಇನ್ನು ವೇಗದ ವಿಚಾರ, ಇದರಲ್ಲಿ ನನಗೂ ಬಹುಪಾಲು ಮೇಷ್ಟರುಗಳಿಗೂ ಭಿನ್ನಾಭಿಪ್ರಾಯ. “ಅರವತ್ತರಲ್ಲಿ ತಪ್ಪಿಲ್ಲದೆ ಬಂದ ಮೇಲೆ ಅರವತ್ತೆರಡು, ಆಮೇಲೆ ಅರವತ್ತನಾಲ್ಕು” ಎಂಬ ಉಪದೇಶವನ್ನು ಎಲ್ಲರೂ ಕೇಳಿರುತ್ತೀರಿ. ಅರವತ್ತರ ಬಡಿತಕ್ಕೆ ನಾಲ್ಕು ಸ್ವರ ಎಂದರೆ ಸೆಕೆಂಡಿಗೆ ನಾಲ್ಕು. ಅಷ್ಟು ಬಿಡುವಿನಲ್ಲಿ ಕೈ ಹೇಗೆ ಬೇಕಾದರೂ ಚಲಿಸಬಹುದು: ಪ್ರತಿ ಪೆಟ್ಟಿಗೂ ಮಣಿಕಟ್ಟನ್ನು ಮೇಲೆತ್ತಿ ಕುಪ್ಪಳಿಸಬಹುದು, ತಂತಿಯಿಂದ ಅರ್ಧ ಇಂಚು ದೂರ ಹೋಗಿ ಬರಬಹುದು, ಯಾವುದೂ ಕಿವಿಗೆ ತಿಳಿಯುವುದಿಲ್ಲ. ನೂರೈವತ್ತಕ್ಕೆ ಅದೇ ನಾಲ್ಕು ಎಂದರೆ ಸೆಕೆಂಡಿಗೆ ಹತ್ತು. ಅಲ್ಲಿ ಕುಪ್ಪಳಿಸುವ ಚಲನೆ ಕೆಲಸ ಮಾಡುವುದೇ ಇಲ್ಲ, ಮುಂದೋಳು ಉರಿಯತೊಡಗುತ್ತದೆ. ನಿಧಾನದಲ್ಲಿ ಸಾವಿರ ಸಲ ಮಾಡಿ ಗಟ್ಟಿ ಮಾಡಿಕೊಂಡದ್ದು ವೇಗಕ್ಕೆ ಬೇಕಾದ ಚಲನೆಯನ್ನೇ ಅಲ್ಲ! ಸರಳೆ ವರಸೆಯನ್ನು ಒಂದೇ ಪಟ್ಟಿಗೆ ಮೂರು ಕಾಲಗಳಲ್ಲಿ ಹಾಡಿಸುವ ನಮ್ಮ ಪದ್ಧತಿ ಇದಕ್ಕಿಂತ ಜಾಣತನದ್ದು. ಬಡಿತ ಬದಲಾಗದೆ ಒಂದು, ಎರಡು, ನಾಲ್ಕು ಸ್ವರವಾದಾಗ, ಮೂರನೇ ಕಾಲಕ್ಕೆ ಒಗ್ಗದ ಕೈಚಲನೆ ಅಂದೇ ಬಯಲಾಗುತ್ತದೆ.

ಆದ್ದರಿಂದ ಮೊದಲ ವಾರದಿಂದಲೇ ವೇಗವನ್ನೂ ಮುಟ್ಟಿ, ಆದರೆ ತುಣುಕು ಸಣ್ಣದಿರಲಿ. ಎರಡನೇ ತಂತಿಯ 5-7-8, ಒಂದನೇ ತಂತಿಯ 5-7. ಐದೇ ಸ್ವರ. ಮೆಟ್ರೊನೋಮ್ 120ಕ್ಕೆ ಇಡಿ. ಮೊದಲ ನಾಲ್ಕು ಸ್ವರ ಒಂದು ಬಡಿತದೊಳಗೆ ಮುಗಿಯಬೇಕು, ಐದನೆಯದು ಮುಂದಿನ ಬಡಿತದ ಮೇಲೆ ಸರಿಯಾಗಿ ಕೂರಬೇಕು. ಅಲ್ಲೇ ನಿಲ್ಲಿಸಿ. ನಾಲ್ಕು ಬಡಿತ ಕೈ ಸಡಿಲ ಬಿಡಿ. ಮತ್ತೆ. ಡೌನ್‌ನಿಂದ ಶುರು ಮಾಡಿದರೆ ಎರಡನೇ ತಂತಿಯಲ್ಲಿ ಡೌನ್-ಅಪ್-ಡೌನ್, ದಾಟಿ ಅಪ್, ಕೊನೆಗೆ ಡೌನ್, ಇದು ಔಟ್‌ಸೈಡ್. ಅದೇ ಐದನ್ನು ಅಪ್‌ನಿಂದ ಶುರು ಮಾಡಿದರೆ ಇನ್‌ಸೈಡ್. ಕೊನೆಯ ಸ್ವರ ಬಡಿತದ ಮೇಲೆ ಬಂತೋ ಇಲ್ಲವೋ ಎನ್ನುವುದೇ ತೀರ್ಪು. ನಡುವೆ ಏನಾದರೂ ಕಲಸಿಹೋದರೂ ಮೊದಮೊದಲು ಚಿಂತೆ ಬೇಡ; ಚಲನೆ ಸಿಕ್ಕಿದ ಮೇಲೆ ನಿಧಾನಕ್ಕೆ ಬಂದು ಒರೆಸಿ ಚೊಕ್ಕ ಮಾಡಿಕೊಳ್ಳಬಹುದು. ಮುಂದೋಳು ಬಿಗಿಯುತ್ತಿದೆ ಎನಿಸಿದರೆ ಪಿಕ್ ಕೆಳಗಿಡಿ. ನೋವು ಸಹಿಸಿಕೊಂಡು ನುಡಿಸುವುದರಲ್ಲಿ ಶೌರ್ಯವೇನೂ ಇಲ್ಲ, ಮಣಿಕಟ್ಟು ಒಂದೇ ಇರುವುದು.

ದಾಟುವಾಗ ಪಿಕ್ ಏನು ಮಾಡುತ್ತಿದೆ ಎಂದು ಬರಿಗಣ್ಣಿಗೆ ಕಾಣುವುದಿಲ್ಲ. ಮೊಬೈಲಿನ ಸ್ಲೋ ಮೋಷನ್ ಕ್ಯಾಮೆರಾ ಇಲ್ಲಿ ಮೆಟ್ರೊನೋಮಿಗಿಂತ ಹೆಚ್ಚು ಕಲಿಸುತ್ತದೆ. ಮೊಬೈಲನ್ನು ಗಿಟಾರಿನ ಎದುರಿಗೆ ಇಡಬೇಡಿ. ತಂತಿಗಳ ಉದ್ದಕ್ಕೂ ನೋಟ ಹೋಗುವ ಹಾಗೆ ಇಟ್ಟು ಒಂದು ತಂತಿಯ ಮೇಲೆ ಜೋರಾಗಿ ನುಡಿಸಿ. ಪಿಕ್ಕಿನ ದಾರಿ ತಂತಿಗಳ ಸಮತಲಕ್ಕೆ ಸಮಾನಾಂತರವಾಗಿರುವುದು ಕಡಿಮೆ, ಸಾಮಾನ್ಯವಾಗಿ ಅದು ಓರೆಯಾಗಿರುತ್ತದೆ. ಕೆಲವರಲ್ಲಿ ಅಪ್‌ಸ್ಟ್ರೋಕ್ ಮುಗಿಯುವ ಹೊತ್ತಿಗೆ ಪಿಕ್ ತಂತಿಗಳಿಂದ ಮೇಲೆದ್ದು ಗಾಳಿಯಲ್ಲಿರುತ್ತದೆ, ಡೌನ್ ಮುಗಿದಾಗ ಸಂದಿಯಲ್ಲಿ ಹೂತಿರುತ್ತದೆ. ಇನ್ನು ಕೆಲವರಲ್ಲಿ ಇದರ ತಿರುಗುಮುರುಗು. ಅಮೆರಿಕದ ಟ್ರಾಯ್ ಗ್ರೇಡಿ ‘ಕ್ರ್ಯಾಕಿಂಗ್ ದ ಕೋಡ್’ ಎಂಬ ವಿಡಿಯೊ ಸರಣಿಯಲ್ಲಿ ಹೆಸರಾಂತ ವಾದಕರ ಕೈಗಳನ್ನು ಹತ್ತಿರದಿಂದ ಚಿತ್ರಿಸಿ ತೋರಿಸಿದ್ದು ಇದನ್ನೇ. ಪಿಕ್ ಗಾಳಿಯಲ್ಲಿರುವಾಗ ತಂತಿ ದಾಟಿದರೆ ಶ್ರಮವೇ ಇಲ್ಲ, ಹೂತಿರುವಾಗ ದಾಟಿದರೆ ಕೀಳಬೇಕು, ಹಾರಬೇಕು.

ನಿಮ್ಮ ಕೈ ಮೊದಲ ಜಾತಿಯದಾದರೆ, ಅಂದರೆ ಅಪ್ ಆದಮೇಲೆ ಮೇಲೇಳುವುದಾದರೆ, ಡೌನ್‌ನಿಂದ ಶುರುವಾಗುವ ಪೆಂಟಟಾನಿಕ್ ನಿಮಗೆ ಬಿಟ್ಟಿ ಸಿಕ್ಕ ಹಾಗೆ, ಏಕೆಂದರೆ ಪ್ರತಿ ತಂತಿಯೂ ಅಪ್‌ನಲ್ಲೇ ಮುಗಿಯುತ್ತದೆ. ಎರಡನೇ ಜಾತಿಯದಾದರೆ ಅದೇ ಪೆಂಟಟಾನಿಕ್ಕನ್ನು ಅಪ್‌ನಿಂದ ಆರಂಭಿಸಿ ನೋಡಿ. ಎಷ್ಟೋ ದಿನದ ಗೋಳು ಒಂದು ಸಂಜೆಯಲ್ಲಿ ಅರ್ಧ ಇಳಿಯಬಹುದು. ತಂತಿಗೆ ಮೂರು ಸ್ವರದ ಸ್ಕೇಲಿಗೆ ಮಾತ್ರ ಈ ಉಪಾಯ ಸಾಲದು. ಅಲ್ಲಿ ಒಂದು ತಂತಿ ಡೌನ್‌ನಲ್ಲಿ ಮುಗಿದರೆ ಮುಂದಿನದು ಅಪ್‌ನಲ್ಲಿ ಮುಗಿಯುತ್ತದೆ, ಆದ್ದರಿಂದ ಮಣಿಕಟ್ಟಿನ ಓರೆಯನ್ನು ದಾಟುವ ಮುಂಚೆ ತುಸು ಬದಲಿಸಿಕೊಳ್ಳುವುದು ಕಲಿಯಲೇಬೇಕು. ಇದಕ್ಕೆ ಸಮಯ ಹಿಡಿಯುತ್ತದೆ.

ಸದ್ದಿನ ಬಗ್ಗೆ ಎರಡು ಮಾತು. ಡಿಸ್ಟಾರ್ಷನ್ ಹಾಕಿಕೊಂಡು ಅಭ್ಯಾಸ ಮಾಡಿದರೆ ಸೊರಗಿದ ಅಪ್‌ಸ್ಟ್ರೋಕೂ ದಪ್ಪಗೆ ಕೇಳುತ್ತದೆ, ಆದ್ದರಿಂದ ಆಂಪ್ ಕ್ಲೀನ್ ಇಟ್ಟು, ಇಲ್ಲವೇ ಆಂಪ್ ಇಲ್ಲದೆಯೇ ಪೆಟ್ಟಿನ ಸಮತೂಕ ನೋಡಿಕೊಳ್ಳಿ. ಆದರೆ ದಿನದ ಕೊನೆಯ ಹತ್ತು ನಿಮಿಷ ಡಿಸ್ಟಾರ್ಷನ್ ಬೇಕು. ನುಡಿಸದ ತಂತಿಗಳ ಗುಂಯ್‌ಗುಡುವಿಕೆ ಆಗಷ್ಟೇ ಹೊರಬೀಳುತ್ತದೆ. ದಪ್ಪ ತಂತಿಗಳನ್ನು ಬಲ ಅಂಗೈಯ ಬದಿಯಿಂದ, ಸಣ್ಣ ತಂತಿಗಳನ್ನು ಎಡ ತೋರುಬೆರಳನ್ನು ಸ್ವಲ್ಪ ಮಲಗಿಸಿ ಅಡಗಿಸಬೇಕು. ಎಡಗೈ ಬಲಗೈಗಿಂತ ಒಂದು ಕೂದಲೆಳೆ ಮುಂಚೆ ಫ್ರೆಟ್ ಒತ್ತಿರಬೇಕು. ಪಿಕ್ ಮೊದಲು ಬಂದರೆ ಸ್ವರದ ಬದಲು ಕಟ್ಟಿಗೆಯ ಸದ್ದು ಬರುತ್ತದೆ.

ಕಿವಿಗೂ ಪಾಠ ಬೇಕು. 1980ರ ಡಿಸೆಂಬರ್ 5ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಲ್ ಡಿ ಮಿಯೋಲ, ಜಾನ್ ಮೆಕ್‌ಲಾಫ್ಲಿನ್, ಪಾಕೊ ಡಿ ಲೂಸಿಯ ಮೂವರೂ ಒಟ್ಟಿಗೆ ಅಕೂಸ್ಟಿಕ್ ಗಿಟಾರ್ ನುಡಿಸಿದ ಕಛೇರಿಯ ಧ್ವನಿಮುದ್ರಿಕೆ ಸಿಗುತ್ತದೆ. ಪಾಕೊ ಪಿಕ್ ಮುಟ್ಟುವುದಿಲ್ಲ, ಬೆರಳಲ್ಲೇ ನುಡಿಸುತ್ತಾರೆ, ಉಳಿದಿಬ್ಬರದು ಪಿಕ್. ಡಿ ಮಿಯೋಲ ಅವರ ಓಟಗಳಲ್ಲಿ ಪ್ರತಿ ಸ್ವರವೂ ಬಿಡಿಬಿಡಿಯಾಗಿ, ಸಮನಾಗಿ ಬರುತ್ತದೆ. ಆಮೇಲೆ ಇಂಗ್ವೆ ಮಾಲ್ಮ್‌ಸ್ಟೀನರ 1984ರ ‘ರೈಸಿಂಗ್ ಫೋರ್ಸ್’ ಕೇಳಿ. ಅಲ್ಲಿನ ಎಷ್ಟೋ ಓಟಗಳು ಕೇಳಲು ಪೂರಾ ಪಿಕಿಂಗ್ ಅನಿಸಿದರೂ ನಡುನಡುವೆ ಪುಲ್-ಆಫ್ ಸೇರಿಸಿ, ಏರುವಾಗ ಒಂದೇ ಡೌನ್‌ನಲ್ಲಿ ಪಕ್ಕದ ತಂತಿಗೆ ಜಾರಿ, ದಾಟುವ ತೊಂದರೆಯನ್ನೇ ತಪ್ಪಿಸಿಕೊಂಡವು. ಕೇಳುಗರು ಯಾರೂ ಅದನ್ನು ಕಳ್ಳಾಟ ಎನ್ನಲಿಲ್ಲ. ಹಾಗಾಗಿ ಅಭ್ಯಾಸದಲ್ಲಿ ನಿಯಮ ಕಟ್ಟುನಿಟ್ಟಾಗಿರಲಿ, ಹಾಡು ನುಡಿಸುವಾಗ ಅಷ್ಟು ಮಡಿ ಬೇಡ ಎನ್ನುವುದು ನನ್ನ ಅಭಿಪ್ರಾಯ.

ನೀವು ಕಲಿಯುತ್ತಿರುವ ಸೋಲೊದಲ್ಲಿ ಒಂದು ಜಾಗ ಪ್ರತಿ ಸಲ ಕೈಕೊಡುತ್ತಿದ್ದರೆ ಪೆನ್ಸಿಲ್ ತೆಗೆದುಕೊಂಡು ಪ್ರತಿ ಸ್ವರದ ಮೇಲೂ ಪಿಕ್ಕಿನ ಗುರುತು ಬರೆಯಿರಿ. ಡೌನ್‌ಗೆ ಕೆಳಬದಿ ತೆರೆದ ಚೌಕ, ಅಪ್‌ಗೆ ಕೆಳಗೆ ಚೂಪಾಗುವ ಎರಡು ಗೆರೆ. ಪಿಟೀಲಿನ ಕಮಾನಿಗೆ ಬಳಸುವ ಗುರುತುಗಳೇ ಇವು. ಬರೆದು ಮುಗಿಸಿದ ಮೇಲೆ ಬರೀ ದಾಟುವ ಜಾಗಗಳನ್ನು ನೋಡಿ. ನಿಮ್ಮ ಕೈಗೆ ಒಗ್ಗದ ದಾಟು ಎಲ್ಲಿದೆ ಎಂದು ಕಂಡುಬಿಡುತ್ತದೆ. ಆಗ ಮೂರು ದಾರಿ: ಆ ಸಾಲನ್ನು ಅಪ್‌ನಿಂದ ಆರಂಭಿಸುವುದು, ದಾಟುವ ಮುಂಚಿನ ಒಂದು ಸ್ವರವನ್ನು ಪಿಕ್ ಇಲ್ಲದೆ ಹ್ಯಾಮರ್-ಆನ್ ಇಲ್ಲವೇ ಪುಲ್-ಆಫ್ ಮಾಡಿ ಲೆಕ್ಕವನ್ನು ತಿರುಗಿಸುವುದು, ಅದೂ ಆಗದಿದ್ದರೆ ಸ್ವರವನ್ನೇ ಬೇರೆ ತಂತಿಗೆ ಸಾಗಿಸುವುದು. ಎರಡನೇ ತಂತಿಯ ಐದನೇ ಫ್ರೆಟ್ಟಿನ ಇ ಸ್ವರ ಮೂರನೇ ತಂತಿಯ ಒಂಬತ್ತನೇ ಫ್ರೆಟ್ಟಿನಲ್ಲೂ ಇದೆ, ನಾಲ್ಕನೇ ತಂತಿಯ ಹದಿನಾಲ್ಕನೆಯದರಲ್ಲೂ ಇದೆ.